ಆತಕೂರಿನ ಕಾಳಿ: ತಿರ್ಯಗ್ಜೀವಿಗಳ ಹೃದಯವನ್ನು ಕುರಿತ ಶಾಸನಸಾಕ್ಷ್ಯ ಮತ್ತು ಜೈನಗ್ರಂಥಗಳ ನಿಲುವು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕು ಗಂಗರ ಇತಿಹಾಸಕ್ಕೂ ಕರ್ನಾಟಕದ ಜೈನಧರ್ಮದ ಇತಿಹಾಸಕ್ಕೂ ಸಮಾನವಾಗಿ ಸಲ್ಲುವ ಪ್ರದೇಶ. ಕೊಪ್ಪ, ಆತಗೂರು, ಚಿಕ್ಕರಸಿನಕೆರೆ ಹೋಬಳಿಗಳನ್ನೊಳಗೊಂಡ ಈ ತಾಲ್ಲೂಕಿನಲ್ಲಿಯೇ ಶಾಸನಗಳಲ್ಲಿ ಕನಕಗಿರಿ ತೀರ್ಥವೆಂದು ಹೆಸರಾದ ಆರೆತಿಪ್ಪೂರಿದೆ. ಅಲ್ಲಿಯ ಬಸದಿಗಳ ಅವಶೇಷಗಳೂ ಬಾಹುಬಲಿಯ ಮೂರ್ತಿಯೂ ಗಂಗರ ಕಾಲದಿಂದ ಈ ನೆಲದಲ್ಲಿ ಬೇರೂರಿದ್ದ ಜಿನಧರ್ಮಕ್ಕೆ ಸಾಕ್ಷಿಯಾಗಿವೆ. ಇದೇ ತಾಲ್ಲೂಕಿನ ಆತಕೂರು, ಇಂದಿನ ಆತಗೂರು, ಬೇರೊಂದು ಕಾರಣದಿಂದ ವಿದ್ವತ್ಪ್ರಪಂಚದಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ದೊರೆತ ಹತ್ತನೆಯ ಶತಮಾನದ ಶಿಲಾಶಾಸನವು ಒಂದು ನಾಯಿಯ ನೆನಪಿಗಾಗಿ ನಿಲ್ಲಿಸಿದ ಕಲ್ಲು. ಮನುಷ್ಯನಿಗೂ ಪ್ರಾಣಿಗೂ ನಡುವಣ ಹೃದಯಸಂಬಂಧವನ್ನು ಕಾಲನಿರ್ದೇಶದೊಡನೆ, ಹೆಸರುಗಳೊಡನೆ ದಾಖಲಿಸಿದ ಕನ್ನಡದ ಬರಹಗಳಲ್ಲಿ ಇದಕ್ಕೆ ವಿಶಿಷ್ಟ ಸ್ಥಾನವಿದೆ. ಈ ಶಾಸನದ ಭಾವವನ್ನು ಅದೇ ಕಾಲದ ಜೈನಗ್ರಂಥಗಳು ತಿರ್ಯಂಚರ ಮನಸ್ಸಿನ ವಿಷಯದಲ್ಲಿ ತಳೆದ ನಿಲುವಿನೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸನದ ಕಾಲ ಶಕವರ್ಷ ೮೭೨, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. ೯೪೯-೫೦. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನ ಮೇಲೆ ದಂಡೆತ್ತಿ ಹೋಗಿ ತಕ್ಕೋಲದಲ್ಲಿ ಕಾದಿದಾಗ ಗಂಗರ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನು. ಅದಕ್ಕೆ ಮೆಚ್ಚಿದ ಕೃಷ್ಣನು ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇವುಗಳನ್ನು ಬೂತುಗನಿಗೆ ಕೊಟ್ಟನು. ಆ ಯುದ್ಧದಲ್ಲಿ ಬೂತುಗನ ಮುಂದೆ ನಿಂತು ಹೋರಾಡಿದವನು ಸಗರವಂಶದ ಮಣಲೇರ. ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದಾಗ ಮಣಲೇರನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಕೆಲಲೆನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ಒಂದು ಹಿರಿಯ ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಒಡನೆಯೇ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಕೂಡದೆಂದು ಕಟ್ಟಳೆ ಮಾಡಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಹೋರಾಡುತ್ತಿರುವ ಶಿಲ್ಪವಿದೆ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಶಾಸನವನ್ನು ಇತಿಹಾಸಕಾರರು ಹೆಚ್ಚಾಗಿ ಬಳಸಿರುವುದು ತಕ್ಕೋಲದ ಯುದ್ಧಕ್ಕಾಗಿ. ಅದರಲ್ಲಿ ರಾಜಾದಿತ್ಯನ ವಧೆಯ ಮಾತು ಬರುವೆಡೆಯಲ್ಲಿ ಬಿಸುಗೆ ಎಂಬ ಪದವಿದೆ. ಮೊದಲಿಗೆ ಶಾಸನವನ್ನು ಓದಿದವರು ಆ ಪದವನ್ನು ಬೇರೆಯಾಗಿ ಗ್ರಹಿಸಿದ್ದರಿಂದ ಬೂತುಗನು ವಿಶ್ವಾಸಘಾತದಿಂದ ಕೊಂದನೆಂಬ ಅರ್ಥ ಹುಟ್ಟಿತು. ಬಿಸುಗೆಯೆಂದರೆ ಆನೆಯ ಮೇಲಣ ಆಸನವೆಂದೂ, ಅದನ್ನೇ ರಣಕಳನಾಗಿ ಮಾಡಿಕೊಂಡು ಕೊಂದನೆಂಬುದೇ ಅರ್ಥವೆಂದೂ ಅನಂತರ ನಿರ್ಧಾರವಾಯಿತು. ರಾಜಾದಿತ್ಯನು ಆನೆಯ ಮೇಲಿದ್ದಾಗಲೇ ಮಡಿದನೆಂದು ಚೋಳರ ಲೈಡನ್ ತಾಮ್ರಪಟವೂ ಹೇಳುತ್ತದೆ. ಒಂದು ಪದದ ಅರ್ಥ ತಪ್ಪಿದ್ದರಿಂದ ಒಬ್ಬ ಅರಸನ ಹೃದಯವೇ ಕಲುಷಿತವೆಂದು ಎಣಿಸುವಂತಾಯಿತು. ಅದೇ ಶಾಸನದ ನಾಯಿಯ ಭಾಗವನ್ನು ಓದುವಾಗಲೂ ಇಷ್ಟೇ ಎಚ್ಚರಿಕೆ ಅಗತ್ಯ.

ಬೂತುಗನು ಜಿನಭಕ್ತನೆಂಬುದು ಪ್ರಸಿದ್ಧ. ಅವನು ಬೌದ್ಧವಾದಿಯೊಬ್ಬನನ್ನು ಜಯಿಸಿದನೆಂದು ಮಾರಸಿಂಹನ ಕೂಡ್ಲೂರು ತಾಮ್ರಪಟ ಹೊಗಳುತ್ತದೆ. ಅವನ ಅಕ್ಕ ಪಾಂಬಬ್ಬೆಯು ತಲೆಗೂದಲನ್ನು ಕಿತ್ತು ದೀಕ್ಷೆಗೊಂಡು, ಮೂವತ್ತು ವರ್ಷ ತಪಸ್ಸು ಮಾಡಿ ೯೭೧ರಲ್ಲಿ ದೇಹತ್ಯಾಗ ಮಾಡಿದಳೆಂದು ಕಡೂರಿನ ಶಾಸನ ತಿಳಿಸುತ್ತದೆ. ಮಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ಮುಡಿಪಿದನು. ಇಂಥ ಮನೆತನದ ಆಳ್ವಿಕೆಯಲ್ಲಿ ನಾಯಿಗೊಂದು ಕಲ್ಲು ನಿಂತಿತೆಂದೊಡನೆ ಅದನ್ನು ಜೈನರ ಜೀವದಯೆಯ ಕುರುಹೆಂದು ಕೊಂಡಾಡಬೇಕೆನಿಸುವುದು ಸಹಜ. ಆದರೆ ಶಾಸನದ ಸಾಕ್ಷ್ಯ ಹಾಗೆ ಹೇಳಲು ಎಡೆಗೊಡುವುದಿಲ್ಲ. ಕಲ್ಲು ನಿಂತದ್ದು ಶಿವಾಲಯದ ಮುಂದೆ. ಪೂಜೆಯ ಹೊಣೆ ಗೊರವನದು. ನಿಲ್ಲಿಸಲು ಕಾರಣವಾದದ್ದು ಬೇಟೆ. ಮೃಗಯೆಯು ಶ್ರಾವಕನು ಬಿಡಬೇಕಾದ ಸಪ್ತವ್ಯಸನಗಳಲ್ಲೊಂದು. ಶ್ರಾವಕಾಚಾರದ ವಿವೇಚನೆಯಂತೆ ಗೃಹಸ್ಥನಿಗೆ ವಿರೋಧಿಹಿಂಸೆಯನ್ನು ಪೂರ್ತಿಯಾಗಿ ಬಿಡಲಾಗದು. ಕ್ಷತ್ರಿಯನ ಯುದ್ಧ ಆ ವರ್ಗದಲ್ಲಿ ಬರುತ್ತದೆ. ಬೇಟೆಯಾದರೋ ಸಂಕಲ್ಪಿಹಿಂಸೆ. ಹೀಗೆ ತಕ್ಕೋಲದ ಕಾಳಗವೂ ಬೆಳತೂರಿನ ಬೇಟೆಯೂ ಒಂದೇ ಕಲ್ಲಿನಲ್ಲಿ ಒಂದರ ಬೆನ್ನಿಗೊಂದು ಬಂದಿದ್ದರೂ ಜೈನಶಾಸ್ತ್ರದ ದೃಷ್ಟಿಯಲ್ಲಿ ಅವೆರಡೂ ಒಂದೇ ಅಲ್ಲ. ಆದುದರಿಂದ ಆತಕೂರಿನ ಕಲ್ಲನ್ನು ಜೈನಸ್ಮಾರಕವೆನ್ನುವುದು ಭಕ್ತಿಯ ಮಾತಾದೀತೇ ಹೊರತು ಇತಿಹಾಸವಾಗದು.

ಪ್ರಾಣಿಗಳಿಗೆ ಕಲ್ಲು ನಿಲ್ಲಿಸುವ ವಾಡಿಕೆ ಯಾವುದೇ ಒಂದು ಮತಕ್ಕೆ ಸೀಮಿತವಾದುದೂ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿರುವ ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲಿನಲ್ಲಿ ಒಡೆಯನೊಡನೆ ಕೋವಿವನ್ ಎಂಬ ನಾಯಿಯ ಹೆಸರೂ ರೂಪವೂ ಕಂಡುಬರುತ್ತವೆ. ವಿಳುಪ್ಪುರಂ ಜಿಲ್ಲೆಯ ಅರಸಲಾಪುರದಲ್ಲಿ ಕಾಳಗದ ಕೋಳಿಯೊಂದರ ಕಲ್ಲಿದೆ. ವೀರತನವನ್ನು ಮೆಚ್ಚುವ ಸಮಾಜವು ಆ ವೀರತನ ಯಾವ ಜಾತಿಯ ಜೀವಿಯಲ್ಲಿ ಕಂಡರೂ ಗೌರವಿಸಿದ ಪರಿಯಿದು. ಆತಕೂರಿನ ಕಲ್ಲು ಈ ಪರಂಪರೆಗೆ ಸೇರಿದ್ದು. ಆದರೂ ಅದರಲ್ಲಿ ಜೈನ ವಿದ್ವಾಂಸರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಅದು ಶಾಸನದ ಕೊನೆಯಲ್ಲಿ ಬರುವ ಶಾಪಾಶಯ. ಬಿಟ್ಟ ಭೂಮಿಯನ್ನು ಅಳಿದವನಿಗೂ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೂ ತಟ್ಟುವುದು ಸಾಮಾನ್ಯ ದಾನಶಾಸನಗಳಲ್ಲಿ ಬರುವ ಪಾಪವಲ್ಲ. ಆ ನಾಯಿ ಗೆಯ್ದ ಪಾಪ.

ನಾಯಿಗೂ ಪಾಪವುಂಟೆಂದು ಶಾಸನ ಒಪ್ಪಿಕೊಂಡಿದೆ. ಕಾಳಿಯನ್ನು ಮೆಚ್ಚಿ ಕಲ್ಲು ನಿಲ್ಲಿಸಿದವರೇ ಅದು ಮಾಡಿದ ಕೊಲೆಯನ್ನು ಪಾಪವೆಂದು ಕರೆದಿದ್ದಾರೆ. ಪಾಪ ಮಾಡಬಲ್ಲ ಜೀವಿಗೆ ಮನಸ್ಸಿರಬೇಕು. ಅದರ ಕ್ರಿಯೆಗೆ ಫಲವೂ ಇರಬೇಕು. ಒಬ್ಬನ ಪಾಪ ಇನ್ನೊಬ್ಬನಿಗೆ ವರ್ಗವಾಗುವುದೆಂಬ ಮಾತು ಜೈನ ಕರ್ಮಸಿದ್ಧಾಂತಕ್ಕೆ ಸಮ್ಮತವಲ್ಲ, ನಿಜ. ಜೀವನು ತಾನು ಕಟ್ಟಿದ ಕರ್ಮವನ್ನು ತಾನೇ ಉಣ್ಣಬೇಕು. ಆದರೆ ತಿರ್ಯಗ್ಜೀವಿಯೂ ಕರ್ಮಕ್ಕೆ ಕರ್ತೃವೆಂಬ ಗ್ರಹಿಕೆಯಲ್ಲಿ ಶೈವ ದೇಗುಲದ ಮುಂದಿನ ಈ ಕಲ್ಲೂ ಜಿನಾಗಮವೂ ಒಂದೆಡೆ ಸೇರುತ್ತವೆ.

ಜಿನಾಗಮವು ಈ ವಿಷಯವನ್ನು ಬಿಡಿಬಿಡಿಯಾಗಿ ವಿವರಿಸಿದ ರೀತಿ ಅಪೂರ್ವವಾದುದು. ಬೂತುಗನ ಮಗನ ಮಂತ್ರಿಯಾಗಿದ್ದ ಚಾವುಂಡರಾಯನ ಕಾಲದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಜೀವಕಾಂಡವು ಇಂದ್ರಿಯ, ಪ್ರಾಣ, ಸಂಜ್ಞೆ, ಮಾರ್ಗಣೆಗಳ ಮೂಲಕ ಸಮಸ್ತ ಜೀವರಾಶಿಯನ್ನು ವಿಂಗಡಿಸುತ್ತದೆ. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಏಕೇಂದ್ರಿಯದಿಂದ ಹಿಡಿದು ಸಂಸಾರಿಗಳಾದ ಎಲ್ಲ ಜೀವಗಳಿಗೂ ಸಾಧಾರಣ. ಹಸಿವಿನಲ್ಲಿ, ಹೆದರಿಕೆಯಲ್ಲಿ ಹುಲ್ಲಿಗೂ ಹುಲಿಗೂ ಮೂಲತಃ ಬೇಧವಿಲ್ಲ. ಬೇಧ ತೋರುವುದು ಮನಸ್ಸಿನ ವಿಷಯದಲ್ಲಿ. ಏಕೇಂದ್ರಿಯದಿಂದ ಚತುರಿಂದ್ರಿಯದವರೆಗಿನ ಜೀವಗಳಿಗೂ ಕೆಲವು ಪಂಚೇಂದ್ರಿಯಗಳಿಗೂ ಮನಸ್ಸಿಲ್ಲ, ಅವು ಅಸಂಜ್ಞಿಗಳು. ಶಿಕ್ಷೆ, ಉಪದೇಶ, ಕರೆಗಳನ್ನು ಗ್ರಹಿಸಬಲ್ಲ ಪಂಚೇಂದ್ರಿಯ ಜೀವಿಗಳು ಸಂಜ್ಞಿಗಳು. ಹೆಸರು ಹಿಡಿದು ಕರೆದರೆ ಬರುವುದು ಸಂಜ್ಞಿತ್ವದ ಲಕ್ಷಣಗಳಲ್ಲೊಂದೆಂದು ಶಾಸ್ತ್ರಕಾರರು ಎಣಿಸಿದ್ದಾರೆ. ಈ ಲಕ್ಷಣದಂತೆ, ಕಾಳಿಯೆಂದು ಕರೆಸಿಕೊಂಡು ಓಗೊಡುತ್ತಿದ್ದ ನಾಯಿ ಸಂಜ್ಞಿಯೆಂಬುದರಲ್ಲಿ ಸಂದೇಹವಿಲ್ಲ.

ಇನ್ನೂ ಮುಖ್ಯವಾದುದು ಮನಸ್ಸಿನ ನೆಲೆಯನ್ನು ಕುರಿತ ಮಾತು. ದ್ರವ್ಯಮನಸ್ಸು ಅಂಗೋಪಾಂಗ ನಾಮಕರ್ಮದ ಉದಯದಿಂದ ಪುದ್ಗಲಸ್ಕಂಧಗಳಿಂದ ಉಂಟಾದುದು. ಅದು ಹೃದಯಸ್ಥಾನದಲ್ಲಿ ಅರಳಿದ ಎಂಟು ದಳದ ತಾವರೆಯ ಆಕಾರದಲ್ಲಿದೆಯೆಂದು ಜೀವಕಾಂಡವು ಹೇಳುತ್ತದೆ. ಶ್ವೇತಾಂಬರ ಪರಂಪರೆಯು ಮನಸ್ಸು ಇಡೀ ದೇಹವನ್ನು ವ್ಯಾಪಿಸಿದೆಯೆಂದು ಹೇಳಿದರೆ, ದಿಗಂಬರ ಪರಂಪರೆ ಅದಕ್ಕೆ ಹೃದಯವನ್ನೇ ನೆಲೆಯಾಗಿ ಗುರುತಿಸಿದೆ. ಈ ತಾವರೆ ಮನುಷ್ಯನಿಗೆ ಮಾತ್ರ ಮೀಸಲಲ್ಲ. ಸಂಜ್ಞಿಯಾದ ಆನೆ, ಸಿಂಹ, ನಾಯಿ, ಹಂದಿ ಎಲ್ಲಕ್ಕೂ ಅದು ಉಂಟು. ನೋಇಂದ್ರಿಯಾವರಣದ ಕ್ಷಯೋಪಶಮದಿಂದ ಆಗುವ ಭಾವಮನಸ್ಸಿನಲ್ಲಿ ತರತಮವಿರಬಹುದು. ದ್ರವ್ಯಮನಸ್ಸಿನ ರಚನೆಯಲ್ಲಿ ಅರಸ, ಆಳು, ನಾಯಿ, ಹಂದಿಗಳೆಂಬ ವರ್ಗಬೇಧವಿಲ್ಲ. ಸಂಜ್ಞಿ ತಿರ್ಯಂಚನು ಸಮ್ಯಗ್ದರ್ಶನವನ್ನು ಪಡೆಯಬಲ್ಲನು. ಅಣುವ್ರತಗಳನ್ನು ಹಿಡಿದು ಐದನೆಯದಾದ ದೇಶಸಂಯತ ಗುಣಸ್ಥಾನದವರೆಗೆ ಏರಬಲ್ಲನು. ಜಾತಿಸ್ಮರಣ, ಧರ್ಮಶ್ರವಣ, ಜಿನಬಿಂಬದರ್ಶನ ಇವು ಅವನಿಗೆ ಸಮ್ಯಕ್ತ್ವದ ಬಾಹ್ಯಸಾಧನಗಳೆಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ಎಣಿಸುತ್ತದೆ. ಸಮವಸರಣದ ಹನ್ನೆರಡು ಸಭೆಗಳಲ್ಲಿ ಒಂದು ತಿರ್ಯಂಚರಿಗೆ ಮೀಸಲಾಗಿರುವುದೂ ಈ ಕಾರಣದಿಂದಲೇ.

ಈ ತತ್ತ್ವವು ಕಥಾರೂಪದಲ್ಲಿ ಕನ್ನಡಕ್ಕೆ ಬಂದದ್ದು ಆತಕೂರಿನ ಕಲ್ಲು ನಿಲ್ಲುವುದಕ್ಕೆ ಒಂದು ದಶಕದಷ್ಟೂ ಮುಂಚೆಯಲ್ಲ. ಪಂಪನ ಆದಿಪುರಾಣ ೯೪೧ರಲ್ಲಿ ಸಿದ್ಧವಾಯಿತು. ಜಿನಸೇನರ ಪೂರ್ವಪುರಾಣವನ್ನು ಅನುಸರಿಸಿದ ಆ ಕಾವ್ಯದಲ್ಲಿ ವಜ್ರಜಂಘ ಶ್ರೀಮತಿಯರು ಚಾರಣಮುನಿಗಳಿಗೆ ಆಹಾರದಾನ ಮಾಡುವ ಸಂದರ್ಭ ಬರುತ್ತದೆ. ಹುಲಿ, ಹಂದಿ, ಕೋತಿ, ಮುಂಗುಸಿ ಎಂಬ ನಾಲ್ಕು ಪ್ರಾಣಿಗಳು ಹೆದರದೆ, ಹೆದರಿಸದೆ ಆ ದಾನವನ್ನು ನೋಡುತ್ತ ನಿಂತು ಅನುಮೋದಿಸುತ್ತವೆ. ಹಿಂದಿನ ಜನ್ಮದಲ್ಲಿ ಅವು ಮನುಷ್ಯರಾಗಿದ್ದು, ಕ್ರೋಧದಿಂದ ಹುಲಿಯೂ ಮಾನದಿಂದ ಹಂದಿಯೂ ಮಾಯೆಯಿಂದ ಕೋತಿಯೂ ಲೋಭದಿಂದ ಮುಂಗುಸಿಯೂ ಆದವೆಂದು ಜಿನಸೇನರು ವಿವರಿಸುತ್ತಾರೆ. ಅನುಮೋದನೆಯ ಪುಣ್ಯದಿಂದ ಆ ನಾಲ್ವರೂ ಭೋಗಭೂಮಿಯಲ್ಲಿ ಹುಟ್ಟಿ, ಮುಂದೆ ಭವಭವಗಳಲ್ಲಿ ವಜ್ರಜಂಘನ ಜೀವಕ್ಕೆ ಒಡನಾಡಿಗಳಾಗಿ, ಅವನು ವೃಷಭನಾಥನಾದಾಗ ಅವನಿಗೆ ಮಕ್ಕಳಾಗುತ್ತಾರೆ. ಇಲ್ಲಿ ಮನುಷ್ಯನನ್ನೂ ಪ್ರಾಣಿಗಳನ್ನೂ ಬೆಸೆದದ್ದು ಸಾಕಣೆಯಲ್ಲ, ಒಡೆತನವಲ್ಲ. ಒಂದು ಸತ್ಕಾರ್ಯವನ್ನು ಕಂಡು ಎಲ್ಲರ ಹೃದಯದಲ್ಲೂ ಏಕಕಾಲಕ್ಕೆ ಹುಟ್ಟಿದ ಪ್ರಮೋದ. ಪಂಪನ ಕಾವ್ಯದ ಹಂದಿ ತೀರ್ಥಂಕರನ ಮಗನಾಗುವ ದಾರಿ ಹಿಡಿದರೆ, ಅದೇ ದಶಕದಲ್ಲಿ ಬೆಳತೂರಿನ ಬೆಟ್ಟದ ಹಂದಿ ಹೆಸರಿಲ್ಲದೆ ಸತ್ತಿತು.

ನಾಯಿಗೆ ಸಂಬಂಧಿಸಿದ ಕಥೆಯೂ ಉಂಟು. ವಾದೀಭಸಿಂಹನ ಕ್ಷತ್ರಚೂಡಾಮಣಿ, ಗದ್ಯಚಿಂತಾಮಣಿಗಳಲ್ಲಿ ಬರುವ ಜೀವಂಧರನ ವೃತ್ತಾಂತವನ್ನು ಕನ್ನಡದಲ್ಲಿ ಭಾಸ್ಕರನು ೧೪೨೪ರಲ್ಲಿ ಜೀವಂಧರಚರಿತೆಯಾಗಿಯೂ, ತೆರಕಣಾಂಬಿಯ ಬೊಮ್ಮರಸನು ಸಾಂಗತ್ಯವಾಗಿಯೂ, ಕೋಟೇಶ್ವರನು ಷಟ್ಪದಿಯಾಗಿಯೂ ಹಾಡಿದ್ದಾರೆ. ಯಜ್ಞದ ಅನ್ನವನ್ನು ಮುಟ್ಟಿತೆಂದು ಬಡಿಸಿಕೊಂಡು ಸಾಯುತ್ತಿದ್ದ ನಾಯಿಯೊಂದರ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಹೇಳುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಜೀವಂಧರನ ಆಪತ್ಕಾಲದಲ್ಲಿ ಒದಗುತ್ತದೆ. ಪಾರ್ಶ್ವಕುಮಾರನು ಉರಿಯುವ ಕೊರಡಿನಲ್ಲಿದ್ದ ಸರ್ಪಯುಗ್ಮಕ್ಕೆ ಮಂತ್ರವನ್ನು ಕೇಳಿಸಿದ ಕಥೆಯ ಆಶಯವೂ ಇದೇ. ಈ ಎಲ್ಲ ಕಥೆಗಳಲ್ಲಿ ಸಾಯುವ ಪ್ರಾಣಿಗೆ ಸಂದದ್ದು ಶಾಂತಿ. ಕಾಳಿಗೆ ಸಂದದ್ದು ಕೀರ್ತಿ. ಜೀವಂಧರನ ನಾಯಿ ಕೊನೆಯ ಕ್ಷಣದಲ್ಲಿ ಕಷಾಯವನ್ನು ಬಿಟ್ಟಿತು; ಕಾಳಿ ಕಷಾಯದಲ್ಲಿಯೇ ಸತ್ತಿತು. ಅದನ್ನು ಹಾಗೆ ಸಾಯುವಂತೆ ಬಿಟ್ಟವರು ಅದನ್ನು ಪ್ರೀತಿಸಿದವರೇ.

ಮಣಲೇರನ ಪ್ರೀತಿಯನ್ನು ಅಲ್ಲಗಳೆಯುವಂತಿಲ್ಲ. ಚೋಳರ ಯುವರಾಜನು ಮಡಿದ ಯುದ್ಧದಲ್ಲಿ ಹೋರಾಡಿದವನು ಮೆಚ್ಚಿಗೆಯಾಗಿ ಊರನ್ನೋ ಹೊನ್ನನ್ನೋ ಮೊದಲು ಕೇಳದೆ ನಾಯಿಯನ್ನು ಕೇಳಿದನೆಂಬುದೇ ಅವನ ಮನಸ್ಸನ್ನು ತಿಳಿಸುತ್ತದೆ. ಅದು ಸತ್ತಾಗ ಅವನಿಗಾದ ದುಃಖವೂ ಕಲ್ಲಿನಲ್ಲಿ ಉಳಿದಿದೆ. ಆದರೆ ಧ್ಯಾನಭೇದಗಳನ್ನು ಬಲ್ಲ ಪಂಡಿತರಿಗೆ ಈ ದುಃಖದ ಸ್ವರೂಪ ಅಪರಿಚಿತವಲ್ಲ. ಪ್ರಿಯವಾದುದರ ಅಗಲಿಕೆಯಿಂದ ಹುಟ್ಟುವುದು ಇಷ್ಟವಿಯೋಗಜ ಆರ್ತಧ್ಯಾನ. ಬೇಟೆಯಲ್ಲಿ ಸುಖಿಸುವುದು ಹಿಂಸಾನಂದಿ ರೌದ್ರಧ್ಯಾನ. ಎರಡೂ ಒಂದೇ ಹೃದಯದಲ್ಲಿ, ಒಂದೇ ದಿನ, ಒಂದೇ ಘಟನೆಯಿಂದ ಉಂಟಾದವು. ನಾಯಿಗಾಗಿ ಕರಗಿದ ಮನಸ್ಸು ಹಂದಿಗಾಗಿ ಕರಗಲಿಲ್ಲ. ಆಗಮದ ಪ್ರಕಾರ ಹಂದಿಯ ಹೃದಯದಲ್ಲಿಯೂ ಅದೇ ಎಂಟು ದಳದ ತಾವರೆಯಿತ್ತು.

ಇಲ್ಲಿ ಸ್ನೇಹ ಎಂಬ ಪದದ ಅರ್ಥವ್ಯಾಪ್ತಿ ನೆರವಿಗೆ ಬರುತ್ತದೆ. ಅದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಒಲವು ಎಂಬ ಅರ್ಥವೂ ಉಂಟು. ಪರಮಾಣುಗಳು ಸ್ನಿಗ್ಧ ರೂಕ್ಷ ಗುಣಗಳಿಂದ ಒಂದಕ್ಕೊಂದು ಬಂಧಗೊಳ್ಳುತ್ತವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಎಣ್ಣೆ ಹಚ್ಚಿದ ಮೈಗೆ ಧೂಳು ಹತ್ತುವಂತೆ ರಾಗದಿಂದ ಕೂಡಿದ ಜೀವಕ್ಕೆ ಕರ್ಮರಜ ಹತ್ತುವುದೆಂಬ ದೃಷ್ಟಾಂತವೂ ಪ್ರಸಿದ್ಧ. ಕನ್ನಡದಲ್ಲಿ ಅಂಟು, ನಂಟು ಎಂಬ ಮಾತುಗಳು ಜೊತೆಜೊತೆಯಾಗಿ ಬಳಕೆಯಾಗುವುದು ಇದಕ್ಕೆ ಹೊಂದುತ್ತದೆ. ಎಲ್ಲ ನಂಟಿನಲ್ಲೂ ಅಂಟಿನ ಅಂಶವಿದೆ. ಅದಕ್ಕಾಗಿಯೇ ಆಚಾರ್ಯರು ಪ್ರಾಣಿಗಳೊಡನೆ ಇರಬೇಕಾದ ಸಂಬಂಧಕ್ಕೆ ಸ್ನೇಹವೆನ್ನದೆ ಮೈತ್ರಿಯೆಂದರು. ಮೈತ್ರಿ ಎಲ್ಲ ಜೀವಗಳಲ್ಲಿ, ಪ್ರಮೋದ ಗುಣಾಧಿಕರಲ್ಲಿ, ಕಾರುಣ್ಯ ದುಃಖಿಗಳಲ್ಲಿ, ಮಾಧ್ಯಸ್ಥ್ಯ ಅವಿನೀತರಲ್ಲಿ ಎಂಬ ಉಮಾಸ್ವಾತಿಗಳ ವಿಂಗಡಣೆಯಲ್ಲಿ ಮೊದಲನೆಯದಕ್ಕೆ ಮಾತ್ರ ಪಾತ್ರವನ್ನು ಆರಿಸುವ ಸ್ವಾತಂತ್ರ್ಯವಿಲ್ಲ. ಜೀವಗಳು ಪರಸ್ಪರ ಉಪಕಾರಕಗಳೆಂಬ ಅವರ ಇನ್ನೊಂದು ಸೂತ್ರದಲ್ಲಿಯೂ ಯಾವ ಜೀವವನ್ನೂ ಹೊರಗಿಟ್ಟಿಲ್ಲ. ೧೨೦೯ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯ ಬಲಿಯೂ ಭವಾವಳಿಗೆ ಕಾರಣವಾಗುತ್ತದೆ. ಹಾಗೆ ಕೊಂದ ತಾಯಿಮಗ ನವಿಲಾಗಿ ನಾಯಾಗಿ ಹುಟ್ಟಿ ತಮ್ಮ ಮನೆಗೇ ಬರುತ್ತಾರೆ. ಇಂದಿನ ಬೇಟೆನಾಯಿ ನೆನ್ನೆಯ ನಂಟನಾಗಿರಬಹುದೆಂಬ ಈ ಎಣಿಕೆಯನ್ನು ಒಪ್ಪಿದರೆ ಇಂದಿನ ಹಂದಿಯೂ ಹಾಗೆಯೇ ಆಗಿರಬಹುದೆಂದು ಒಪ್ಪಬೇಕಾಗುತ್ತದೆ.

ಆಧುನಿಕ ವಿಜ್ಞಾನವೂ ಇತ್ತೀಚೆಗೆ ಈ ಕ್ಷೇತ್ರದತ್ತ ಹೊರಳಿದೆ. ೧೮೭೨ರಲ್ಲಿ ಚಾರ್ಲ್ಸ್ ಡಾರ್ವಿನ್ ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು ಗ್ರಂಥ ಬರೆದು ಎರಡಕ್ಕೂ ಸಮಾನವಾದ ಮೂಲವಿದೆಯೆಂದು ತೋರಿಸಿದನು. ೨೦೧೨ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ನರವಿಜ್ಞಾನಿಗಳ ಗುಂಪೊಂದು ಸಸ್ತನಿಗಳಲ್ಲಿಯೂ ಪಕ್ಷಿಗಳಲ್ಲಿಯೂ ಪ್ರಜ್ಞೆಗೆ ಬೇಕಾದ ನರರಚನೆ ಇದೆಯೆಂದು ಘೋಷಿಸಿತು. ನಾಯಿಯೂ ಒಡೆಯನೂ ಒಬ್ಬರನ್ನೊಬ್ಬರು ದಿಟ್ಟಿಸಿದಾಗ ಇಬ್ಬರ ದೇಹದಲ್ಲಿಯೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುವುದೆಂದು ೨೦೧೫ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು. ೨೦೨೨ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯರು ವಂಶವಾಹಿಗಳನ್ನು ಮಾರ್ಪಡಿಸಿದ ಹಂದಿಯ ಹೃದಯವನ್ನು ರೋಗಿಯೊಬ್ಬನಿಗೆ ಜೋಡಿಸಿದರು. ಆತ ಸುಮಾರು ಎರಡು ತಿಂಗಳು ಬದುಕಿದನು. ಇವುಗಳಿಂದ ಗೊಮ್ಮಟಸಾರದ ಹೃದಯಕಮಲ ಸಿದ್ಧವಾಯಿತೆಂದು ಹೇಳುವುದು ಸರಿಯಲ್ಲ. ದ್ರವ್ಯಮನಸ್ಸು ಸೂಕ್ಷ್ಮಪುದ್ಗಲರಚನೆ, ವೈದ್ಯರು ಕೈಯಲ್ಲಿ ಹಿಡಿದದ್ದು ನೆತ್ತರನ್ನು ತಳ್ಳುವ ಸ್ನಾಯು. ಅವೆರಡನ್ನೂ ಒಂದು ಮಾಡಿದರೆ ಆಗಮಕ್ಕೂ ವಿಜ್ಞಾನಕ್ಕೂ ಅಪಚಾರವಾಗುತ್ತದೆ. ಆದರೆ ಹಂದಿಯ ಹೃದಯ ಮನುಷ್ಯನ ಎದೆಯಲ್ಲಿ ಮಿಡಿಯಬಲ್ಲುದೆಂದ ಮೇಲೆ, ಅದನ್ನು ಕೀಳ್ಗಳೆಯಲು ದೇಹರಚನೆಯ ಆಧಾರ ಉಳಿಯದು. ಮನುಷ್ಯನ ಪ್ರಾಣಕ್ಕಾಗಿ ಆ ಹಂದಿಯ ಪ್ರಾಣವನ್ನು ತೆಗೆಯುವುದು ಯಾವ ಹಿಂಸೆಯ ವರ್ಗಕ್ಕೆ ಸೇರುತ್ತದೆಂಬ ಪ್ರಶ್ನೆಯಂತೂ ಶ್ರಾವಕಾಚಾರವನ್ನು ಬಲ್ಲವರ ವಿಚಾರಣೆಗೆ ಕಾದಿದೆ.

ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮೂಲಗ್ರಂಥಗಳ ಕನ್ನಡ ವ್ಯಾಖ್ಯಾನಗಳು ಬಹು ಉಪಯುಕ್ತ. ಗೊಮ್ಮಟಸಾರಕ್ಕೆ ಕೇಶವವರ್ಣಿಯು ೧೩೫೯ರಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ಕರ್ನಾಟಕವೃತ್ತಿಯನ್ನು ಬರೆದನು. ಅದೇ ಹೆಸರಿನ ಸಂಸ್ಕೃತ ಟೀಕೆಯು ಈ ಕನ್ನಡ ವೃತ್ತಿಯನ್ನು ಆಧರಿಸಿದ್ದೆಂದು ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಭಾರತೀಯ ಜ್ಞಾನಪೀಠವು ಕರ್ನಾಟಕವೃತ್ತಿಯೊಡನೆ ಗೊಮ್ಮಟಸಾರವನ್ನು ಪ್ರಕಟಿಸಿದ ಮೇಲೆ ವಿದ್ವಾಂಸರಿಗೆ ಅದು ಸುಲಭವಾಗಿ ದೊರೆಯುವಂತಾಯಿತು. ಸಂಜ್ಞಿಮಾರ್ಗಣೆ, ಮನೋಯೋಗ, ಹೃದಯಕಮಲಗಳನ್ನು ವಿವರಿಸುವ ಭಾಗಗಳನ್ನು ತಾಳೆಯೋಲೆಯ ಪ್ರತಿಗಳೊಡನೆ ಹೋಲಿಸಿ, ಜೀವಂಧರ ಯಶೋಧರ ಕಥೆಗಳ ಕನ್ನಡ ರೂಪಗಳಲ್ಲಿ ತಿರ್ಯಂಚರ ಭಾವವರ್ಣನೆಗೆ ಬಳಸಿದ ಪದಗಳೊಡನೆ ಒಟ್ಟಿಗಿಟ್ಟು ನೋಡಿದರೆ, ಪ್ರಾಣಿಯ ಮನಸ್ಸನ್ನು ಕುರಿತು ಕನ್ನಡ ಜೈನಪರಂಪರೆಯು ಬೆಳೆಸಿದ ಒಂದು ಪರಿಭಾಷೆಯೇ ದೊರೆಯಬಹುದು.

ಆತಕೂರಿನ ಕಲ್ಲು ಜೈನಸ್ಮಾರಕವಲ್ಲವೆಂಬುದರಿಂದ ಅದರ ಬೆಲೆ ಕುಗ್ಗುವುದಿಲ್ಲ. ಸಾಮಂತನೊಬ್ಬನು ನಾಯಿಯನ್ನು ಹೆಸರಿಟ್ಟು ಕರೆದು, ಅದರ ಶೌರ್ಯವನ್ನೂ ಪಾಪವನ್ನೂ ಮನುಷ್ಯನವಂತೆಯೇ ಎಣಿಸಿದ್ದಕ್ಕೆ ಅದು ಕಾಲ ತಿಳಿದ ದಾಖಲೆ. ಆ ಎಣಿಕೆ ಒಂದು ನಾಯಿಯ ಬಳಿ ನಿಂತಿತು. ಅದೇ ನಾಡಿನಲ್ಲಿ, ಅದೇ ಶತಮಾನದಲ್ಲಿ, ಅದೇ ಅರಸುಮನೆತನದ ಆಶ್ರಯದಲ್ಲಿ ಬೆಳೆದ ಜೈನವಿದ್ವತ್ತು ಅದನ್ನು ಮುಂದುವರಿಸಿ ಹೃದಯವುಳ್ಳ ಎಲ್ಲ ಜೀವಗಳಿಗೂ ಸಲ್ಲಿಸಿತು. ಕಲ್ಲಿನಲ್ಲಿ ಶಿಲ್ಪಿಯು ಹಂದಿಯನ್ನೂ ನಾಯಿಯಷ್ಟೇ ಸ್ಫುಟವಾಗಿ ಬಿಡಿಸಿದ್ದಾನೆ; ಬರಹದಲ್ಲಿ ಮಾತ್ರ ಅದಕ್ಕೆ ಹೆಸರಿಲ್ಲ. ಆ ಶಾಸನವನ್ನು ಓದುವ ಜೈನ ವಿದ್ವಾಂಸನು ಎರಡು ಮೃಗಗಳ ಸಾವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗಲೇ ಅದರ ಅರ್ಥ ಪೂರ್ಣವಾಗುತ್ತದೆ.